ಚೆಂಬಿನ ನೀರು

ರೊಟ್ಟಿಗೆ ಬೂಷ್ಟು ಹಿಡಿದಿತ್ತು. ಅದು ದುರುಗಮ್ಮನ ಹೊಲಸು ಮನೆಯಿಂದಲೇ ಹಿಡಿದುಕೊಂಡು ಬಂದದ್ದು ಎಂದು ಒಂದು ಕಾಗದ ತಯಾರಾಗಿತ್ತು. ಅದರ ಕೆಳಗೆ ದುರುಗಮ್ಮನೇ ಸಹಿ ಹಾಕಬೇಕಿತ್ತು.

ಆರು ವರ್ಷದಿಂದ ಅವಳು ಶಂಕ್ರಪ್ಪನ ಖಾನಾವಳಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ರಾಯಚೂರಿನ ಬಸ್ ಸ್ಟ್ಯಾಂಡಿನ ಹಿಂದಿರುವ ಖಾನಾವಳಿ ಅದು. ಬೋರ್ಡಿನ ಮೇಲೆ 'ಮನೆಯಲ್ಲಿ ಬಡಿದ ಖಡಕ್ ಜೋಳದ ರೊಟ್ಟಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಯಾರ ಮನೆ ಎಂದು ಬರೆದಿಲ್ಲ. ಉಣ್ಣುವವರು ಶಂಕ್ರಪ್ಪನ ತಾಯಿ ನೀಲಮ್ಮನ ಕೈರೊಟ್ಟಿ ಅಂದುಕೊಳ್ಳುತ್ತಾರೆ. ಗಲ್ಲಾದಲ್ಲಿ ಕೂತ ಶಂಕ್ರಪ್ಪ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ನಗುತ್ತಾನೆ.

ಕೋಳಿ ಕೂಗುವ ಮೊದಲೇ ದುರುಗಮ್ಮನ ಒಲೆ ಹೊತ್ತುತ್ತದೆ. ಕುದಿಯುವ ಎಸರಿಗೆ ಹಿಟ್ಟು. ಆರಿದ ಹಿಟ್ಟು ಬಿರಿಯುತ್ತದೆ, ಸುಡುವಾಗಲೇ ನಾದಬೇಕು. ಬಡಿಯಬೇಕು. ಹಂಚಿಗೆ ಹಾಕಬೇಕು. ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಬೇಕು. ಮಗುಚಬೇಕು, ಕೆಂಡಕ್ಕೆ ಒರಗಿಸಬೇಕು. ದಿನಕ್ಕೆ ಇನ್ನೂರು. ಬೇಸಿಗೆಯಲ್ಲಿ ಮೇಲಿನಿಂದ ತಗಡು ಸುಡುತ್ತದೆ, ಕೆಳಗಿನಿಂದ ಒಲೆ. ಹಂಚು ಅವಳ ಬೆರಳಿನ ಗೆರೆಗಳನ್ನೆಲ್ಲ ತಿಂದುಬಿಟ್ಟಿದೆ. ರೇಶನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ತಿಂಗಳಿಗೊಮ್ಮೆ ಅಲ್ಲಿ ನಿಂತು ಒಂದೊಂದೇ ಬೆರಳು ಒತ್ತುತ್ತಾಳೆ, ಹಿಂದಿನ ಸಾಲು ಬೈಯುತ್ತದೆ.

ರೊಟ್ಟಿಯ ಬುಟ್ಟಿ ಹೋಗುವುದು ಖಾನಾವಳಿಯ ಹಿತ್ತಿಲಿಗೆ. ಅಲ್ಲೊಂದು ಕಲ್ಲಿನ ಕಟ್ಟೆ. ಬುಟ್ಟಿ ಇಟ್ಟು ದುರುಗಮ್ಮ ಮೂರು ಹೆಜ್ಜೆ ಹಿಂದೆ ಸರಿಯಬೇಕು. ಆಮೇಲೆ ನೀಲಮ್ಮ ಹಿತ್ತಾಳೆ ಚೆಂಬು ಹಿಡಿದು ಬರುತ್ತಾಳೆ. ಬೆರಳು ಅದ್ದಿ ಬುಟ್ಟಿಯ ಮೇಲೆ ಮೂರು ಸಲ ನೀರು ಚಿಮುಕಿಸುತ್ತಾಳೆ. ಆಮೇಲೆ ಬುಟ್ಟಿ ಒಳಗೆ ಹೋಗುತ್ತದೆ. ನಿನ್ನ ಜಾತಿ ಯಾವುದು ಎಂದು ಆರು ವರ್ಷದಲ್ಲಿ ಆ ಮನೆಯವರು ಒಮ್ಮೆಯೂ ಕೇಳಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ. ಗೊತ್ತಾದರೆ ರೊಟ್ಟಿ ಬಿಡಬೇಕಾಗುತ್ತದೆ. ಇಂಥ ರೊಟ್ಟಿ ಬೇರೆಲ್ಲೂ ಸಿಗುವುದಿಲ್ಲ.

ಮೊದಲ ದಿನ ದುರುಗಮ್ಮ ಹೇಳಿದ್ದಳು, "ಯವ್ವಾ, ಖಡಕ್ ರೊಟ್ಟಿ ಮ್ಯಾಲ ನೀರ್ ಬಿದ್ರ ಕೆಡ್ತಾವ್ರೀ."

"ದೇವರ ಮುಂದಿನ ನೀರ್ ಬೇ. ಅದ್ಕೇನಾಗ್ತದ?" ಎಂದಿದ್ದಳು ನೀಲಮ್ಮ. ಮಾತಿನಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿದಷ್ಟೇ ಸಹಜವಾಗಿ ಹೇಳಿದ್ದಳು.

ದುರುಗಮ್ಮ ಮೂರು ಹೆಜ್ಜೆ ಹಿಂದೆ ಸರಿದಳು. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಅವಳ ತಾಯಿ ಗೌಡರ ಹೊಲದಲ್ಲಿ ಕಳೆ ಕಿತ್ತು ಬಾಯಾರಿದಾಗ ಎರಡೂ ಕೈ ಬೊಗಸೆ ಮಾಡಿ ನಿಲ್ಲುತ್ತಿದ್ದಳು. ನೀರು ಮೊಳದೆತ್ತರದಿಂದ ಬೀಳುತ್ತಿತ್ತು. ಅರ್ಧ ಬಾಯಿಗೆ, ಅರ್ಧ ಎದೆಗೆ. ಆ ನೀರು ಊರು ಬಿಟ್ಟು ರಾಯಚೂರಿಗೂ ಬಂತಲ್ಲ ಎಂದುಕೊಂಡಳು, ಬಡಿಯುವುದನ್ನು ಮಾತ್ರ ಬಿಡಲಿಲ್ಲ. ಮಗಳು ಸುಜಾತಾ ಮಾನ್ವಿಯ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಗಂಡ ಸುಂಕಪ್ಪ ಪೌರಕಾರ್ಮಿಕ. ಶಂಕ್ರಪ್ಪನ ಖಾನಾವಳಿಯ ಮುಂದಿನ ಚರಂಡಿಯೂ ಅವನ ಪಾಲಿಗೇ ಬಂದಿತ್ತು. ಹೆಂಡತಿ ಹಿಂದಿನಿಂದ ರೊಟ್ಟಿ ಕೊಡುತ್ತಿದ್ದಳು, ಗಂಡ ಮುಂದಿನಿಂದ ಹೂಳು ಎತ್ತುತ್ತಿದ್ದ. ಇಬ್ಬರೂ ಒಂದು ದಿನವೂ ಒಳಗೆ ಕೂತು ಉಂಡದ್ದಿಲ್ಲ.

ಇಷ್ಟು ವರ್ಷ ಆ ನೀರಿನಿಂದ ರೊಟ್ಟಿ ಕೆಟ್ಟಿರಲಿಲ್ಲ. ಬುಟ್ಟಿಗೆ ಮುಚ್ಚಳ ಇರಲಿಲ್ಲ. ರಾಯಚೂರಿನ ಗಾಳಿಗೆ ಹನಿ ಆರುತ್ತಿತ್ತು. ಸಂಜೆಯೊಳಗೆ ರೊಟ್ಟಿಯೂ ಖಾಲಿ.

ಈ ವರ್ಷ ಸ್ಟಾರಿನ ಮಾತು ಬಂತು.

ಹೋಟೆಲುಗಳ ಶುಚಿತ್ವ ನೋಡಿ ಸರ್ಕಾರದ ಲೆಕ್ಕದಲ್ಲಿ ರೇಟಿಂಗ್ ಕೊಡುತ್ತಾರೆ, ಐದು ಸ್ಟಾರ್ ಬಂದರೆ ಬಾಗಿಲಿಗೆ ಬೋರ್ಡು ಹಾಕಬಹುದು ಎಂದು ಶಂಕ್ರಪ್ಪನಿಗೆ ಯಾರೋ ಹೇಳಿದರು. ಅವನು ಮಾನ್ವಿಯಲ್ಲಿ ಎರಡನೇ ಖಾನಾವಳಿ ತೆಗೆಯುವವನಿದ್ದ. ಅದಕ್ಕೆ ಈ ಬೋರ್ಡು ಬೇಕೇ ಬೇಕಾಯಿತು. ಗೋಡೆಗೆ ಟೈಲ್ಸ್ ಹಾಕಿಸಿದ. ಸಪ್ಲಾಯರ್ ಬಸ್ಸಣ್ಣನ ತಲೆಗೆ ಟೊಪ್ಪಿಗೆ ಹಾಕಿಸಿದ. ಆಹಾರವೆಲ್ಲ ಮುಚ್ಚಿರಬೇಕು ಎಂಬ ನಿಯಮ ಓದಿ, ಗಾಳಿಯಾಡದ ಮುಚ್ಚಳದ ದೊಡ್ಡ ಸ್ಟೀಲ್ ಡಬ್ಬಿ ತಂದ. ಶ್ರಾವಣದ ಗಿರಾಕಿಗಳಿಗೆಂದು ದುರುಗಮ್ಮನಿಂದ ದಿನಕ್ಕೆ ನೂರು ರೊಟ್ಟಿ ಹೆಚ್ಚು ಮಾಡಿಸಿ ಅದರಲ್ಲಿ ತುಂಬಿಟ್ಟ.

ಎಲ್ಲ ಬದಲಾಯಿತು. ಚೆಂಬು ಬದಲಾಗಲಿಲ್ಲ.

ನೀಲಮ್ಮ ಚಿಮುಕಿಸಿದಳು. ಬಸ್ಸಣ್ಣ ತುಂಬಿದ. ಮುಚ್ಚಳ ಬಿತ್ತು. ಹತ್ತು ದಿನದ ಮೇಲೆ ಪರೀಕ್ಷೆಗೆ ಬಂದ ಆತಿಯಾ ಮೇಡಂ ಆ ಮುಚ್ಚಳ ತೆಗೆದರೆ ಒಳಗೆ ಹಸಿರು ಬಣ್ಣದ ಬೂಷ್ಟು.

*

ಆತಿಯಾ ಯಾವುದೋ ಕಂಪನಿಯ ಕಡೆಯಿಂದ ಪರೀಕ್ಷೆ ಮಾಡುವವಳು. ಚಿಕ್ಕ ವಯಸ್ಸು, ಕೈಯಲ್ಲೊಂದು ಟ್ಯಾಬ್. ರೊಟ್ಟಿ ಎಲ್ಲಿಂದ ಬರುತ್ತದೋ ಆ ಜಾಗವನ್ನೂ ನೋಡಲೇಬೇಕು ಎಂದಳು. ಶಂಕ್ರಪ್ಪ ಎಷ್ಟು ಬೇಡವೆಂದರೂ ಕೇಳಲಿಲ್ಲ. ಹಾಗಾಗಿ ಆರು ವರ್ಷದಲ್ಲಿ ಮೊದಲ ಸಲ ಅವನು ದುರುಗಮ್ಮನ ಓಣಿಗೆ ಬಂದ. ಆಟೋದಿಂದ ಇಳಿಯಲಿಲ್ಲ. ಓಣಿಯ ಹೆಸರಿನ ಫಲಕ ಓದಿ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ.

ಆತಿಯಾ ಒಳಗೆ ಬಂದಳು. ಒಲೆ ನೋಡಿದಳು, ಹಿಟ್ಟಿನ ಡಬ್ಬಿ ನೋಡಿದಳು, ಕುದಿಸಿ ಹಗ್ಗಕ್ಕೆ ಹಾಕಿದ ಬಟ್ಟೆ ಮೂಸಿದಳು. ದುರುಗಮ್ಮ ಉಗುರು ತೋರಿಸಿದಳು, ಸರ್ಕಾರಿ ದವಾಖಾನೆಯ ಆರೋಗ್ಯದ ಚೀಟಿ ತೋರಿಸಿದಳು, ಮಹಿಳಾ ಸಂಘದವರು ಮಾಡಿಸಿಕೊಟ್ಟ ರೊಟ್ಟಿ ಮಾರುವ ಲೈಸೆನ್ಸ್ ತೋರಿಸಿದಳು. ಆಮೇಲೆ ಮೂಲೆಯ ಡಬ್ಬಿ ತೆಗೆದಳು. ಸುಜಾತಾಳಿಗೆ ಒಯ್ಯಲೆಂದು ಇಟ್ಟ ರೊಟ್ಟಿ.

"ಇಪ್ಪತ್ತು ದಿನ ಆಗ್ಯಾವ್ರಿ ಮೇಡಂ. ಮುರೀರಿ."

ಆತಿಯಾ ಮುರಿದಳು. ಕಟಕ್ ಎಂದಿತು. ಬೆಳಕಿಗೆ ಹಿಡಿದಳು. ಒಂದು ಚುಕ್ಕೆ ಇಲ್ಲ.

"ಇಲ್ಲಿ ಕೆಡದೇ ಇರೋದು ಅಲ್ಲಿ ಯಾಕೆ ಕೆಟ್ಟಿತು?"

ದುರುಗಮ್ಮನಿಗೆ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಆಟೋದಲ್ಲಿ ಶಂಕ್ರಪ್ಪ ಕೆಮ್ಮಿದ. ಅವಳು ನೆಲ ನೋಡಿದಳು.

"ಗೊತ್ತಿಲ್ರಿ."

ಮುರಿದ ರೊಟ್ಟಿಯ ಚೂರುಗಳನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

ಮರುದಿನ ಮಧ್ಯಾಹ್ನ ಶಂಕ್ರಪ್ಪ ಒಬ್ಬನೇ ಬಂದ. ಈ ಸಲ ಆಟೋದಿಂದ ಇಳಿದ. ನೆರೆಮನೆಯ ಹೀರಾಬಿ ಬೆಳ್ಳುಳ್ಳಿ ಸುಲಿಯುತ್ತ ಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಹೋಗಲಿಲ್ಲ.

"ನೋಡು ದುರುಗಮ್ಮ," ಎಂದ ಶಂಕ್ರಪ್ಪ, "ನಾ ನಿನಗ ಎಂದರ ಒಂದು ಮಾತು ಅಂದೀನಿ?"

"ಇಲ್ರಿ ಸಾವ್ಕಾರ್ರ."

"ತಪ್ಪು ನಮ್ಮ ಅಡಗಿಮನ್ಯಾಗ ಅದ ಅಂದ್ರ ಸ್ಟಾರ್ ಇಲ್ಲ. ಮಾಲು ತರುವಾಗನ ಕೆಟ್ಟಿತ್ತು ಅಂದ್ರ ನಮಗ ಬರ್ತದ. ನೀ ಇದಕ್ಕೊಂದು ಹೆಬ್ಬೆಟ್ಟು ಒತ್ತಿಬಿಡು. ಶುಕ್ರವಾರ ಮೇಡಂ ಮತ್ತ ಬರ್ತಾಳ. ಆಕಿ ಮುಂದ ಒತ್ತಿದ್ರ ಮುಗೀತು."

ಕಾಗದ ಚಾಚಿದ. ಕೈಗೆ ಕೊಡಲಿಲ್ಲ, ಹೊಸ್ತಿಲ ಮೇಲೆ ಇಟ್ಟ. ದುರುಗಮ್ಮ ಎತ್ತಿಕೊಂಡಳು. ಅವಳು ನಾಲ್ಕನೇ ಇಯತ್ತೆ ಓದಿದವಳು. ಅವನಿಗೆ ಅದು ಗೊತ್ತಿರಲಿಲ್ಲ. ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿದಳು. 'ನನ್ನ ಮನೆಯು ಹೊಲಸಾಗಿದ್ದು, ನಾನು ಸರಿಯಾಗಿ ಕೈ ತೊಳೆಯದೆ ರೊಟ್ಟಿ ಮಾಡಿದ್ದರಿಂದ...' ಅಲ್ಲಿಗೆ ನಿಲ್ಲಿಸಿದಳು.

"ಇದಕ್ಕ ಒತ್ತಿದ್ರ ನನ್ನ ಲೈಸೆನ್ಸ್ ಹೋಗ್ತದಲ್ರಿ?"

"ಹೋಗ್ಲಿ ಬಿಡು. ಅವರ ಕಾಗದದಾಗ ನೀ ಇರಲ್ಲ, ನನ್ನ ಹಿತ್ತಲದಾಗ ಇರ್ತಿ. ಎರಡು ತಿಂಗಳು ಬಿಟ್ಟು ಮತ್ತ ಬಡಿ. ಮಗಳು ಓದಾಕತ್ತ್ಯಾಳ ಅಂತಿದ್ದೆಲ್ಲ? ವಿಚಾರ ಮಾಡು. ಒತ್ತಲಿಲ್ಲ ಅಂದ್ರ ಅವತ್ತಿಂದನ ನಿನ್ನ ರೊಟ್ಟಿ ಬ್ಯಾಡ."

ಅವನು ಹೋದ ಮೇಲೆ ಹೀರಾಬಿ ಬೆಳ್ಳುಳ್ಳಿ ಸಿಪ್ಪೆ ಊದಿದಳು. "ಐದು ಸ್ಟಾರ್ ಬೇಕಂತ ಅವ್ನಿಗಿ. ಮಾಳಗಿ ಮ್ಯಾಲ ಮಕ್ಕೋ ಅನ್ನು. ಆಕಾಶದಾಗ ಫುಕಟ್ ಕಾಣ್ತಾವ, ಎಣಿಸಕೊಂತ ಇರ್ಲಿ."

ದುರುಗಮ್ಮನಿಗೆ ನಗು ಬರಲಿಲ್ಲ.

ಸುಂಕಪ್ಪ ಪಾಳಿ ಮುಗಿಸಿ ಬಂದು ಕಾಲು ತೊಳೆದ. ತೊಳೆದರೂ ಹೋಗದ ವಾಸನೆ ಅದು. ಕಾಗದದಲ್ಲಿ ಏನಿದೆ ಎಂದು ದುರುಗಮ್ಮ ಹೇಳಿದಳು. ಅವನು ತನ್ನ ಅಂಗೈ ನೋಡಿಕೊಂಡ.

"ಒತ್ತಿಬಿಡು," ಎಂದ. "ಹೊಲಸು ಅನ್ನಿಸ್ಕೊಳ್ಳೋದು ನಮಗೇನು ಹೊಸಾದೇನು? ನಾ ದಿನಾ ಅನ್ನಿಸ್ಕೊಂತೀನಿ. ಚರಂಡಿ ತುಂಬಿದ್ರೂ ಬೈತಾರ, ಬಳದ್ರ ವಾಸನಿ ಅಂತ ಬೈತಾರ."

"ನಿನಗ ಅಂದವರು ಮಂದಿ. ಇದು ನಾನ ನನಗ ಅನ್ಕೊಳ್ಳೋದು."

"ಸುಜಾತಾಂದು ಇನ್ನೊಂದು ವರ್ಷ ಅದ ದುರುಗಿ."

ಅದೊಂದೇ ಮಾತು ಅವಳನ್ನು ಕಟ್ಟಿಹಾಕಿತು. ಅವಳು ಕಾಗದ ಮಡಿಚಿ ಹಿಟ್ಟಿನ ಡಬ್ಬಿಯ ಕೆಳಗಿಟ್ಟಳು. ಶುಕ್ರವಾರದ ಮಟ್ಟಿಗೆ ಅವಳು ಒತ್ತುವವಳೇ ಆಗಿದ್ದಳು. ಸುಳ್ಳೇಕೆ ಹೇಳಬೇಕು, ಒತ್ತುವವಳೇ ಆಗಿದ್ದಳು.

*

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಬಡಿದಳು. ಕೊನೆಯ ರೊಟ್ಟಿಗೆ ನೀರು ಸವರಿ ಮಗುಚುವಾಗ ಹಂಚು ಚುರ್ರೆಂದಿತು. ಹಬೆ ಎದ್ದು ಹೋಯಿತು. ರೊಟ್ಟಿ ಒಣಗಿತು. ದುರುಗಮ್ಮ ಅದನ್ನೇ ನೋಡಿದಳು. ತಾನು ಹಾಕುವ ನೀರನ್ನು ಬೆಂಕಿ ತಿನ್ನುತ್ತದೆ. ಅವರು ಹಾಕುವ ನೀರನ್ನು ರೊಟ್ಟಿ ತಿನ್ನಬೇಕು. ಕೆಟ್ಟರೆ ಹೆಸರು ತನ್ನದು.

ಬುಟ್ಟಿ ತಲೆಯ ಮೇಲೆ ಹೊತ್ತಳು. ಕಾಗದ ಸೊಂಟಕ್ಕೆ ಸಿಕ್ಕಿಸಿದಳು. ಖಾನಾವಳಿಯ ತಿರುವಿನಲ್ಲಿ ಕಾಲು ತಾನಾಗಿಯೇ ಹಿತ್ತಿಲ ಸಂದಿಗೆ ಹೊರಳಿತು. ಎರಡು ಹೆಜ್ಜೆ ಹೋಗಿ ನಿಂತಳು. ಸಂದಿಯ ಕೊನೆಯಲ್ಲಿ ಕಟ್ಟೆ ಕಾಣುತ್ತಿತ್ತು. ಕಟ್ಟೆಯ ಮೇಲೆ ಚೆಂಬು ಆಗಲೇ ತುಂಬಿತ್ತು.

ತಿರುಗಿದಳು. ಮುಂದಿನ ಬಾಗಿಲಿನಿಂದ ಒಳಗೆ ಹೋದಳು.

ಹನ್ನೊಂದು ಗಂಟೆಯ ಹೊತ್ತು. ನಾಲ್ಕೈದು ಜನ ಉಣ್ಣುತ್ತಿದ್ದರು. ಗಲ್ಲಾದ ಪಕ್ಕ ಆತಿಯಾ ಟ್ಯಾಬ್ ಹಿಡಿದು ನಿಂತಿದ್ದಳು. ದುರುಗಮ್ಮ ಬುಟ್ಟಿ ಇಳಿಸಿ ಗಲ್ಲಾದ ಮೇಲೆ, ದೇವರ ಫೋಟೋದ ಮುಂದೆ ಇಟ್ಟಳು.

ಶಂಕ್ರಪ್ಪನ ಮುಖ ಬಿಳಿಚಿತು. ಹಲ್ಲು ಕಚ್ಚಿ ಅಂದ, "ಹಿಂದ ಬಾ ಅಂದಿದ್ದೆನಲ್ಲ?"

"ಹಿಂದ ನೀರ್ ಅದರೀ. ರೊಟ್ಟಿ ಕೆಡ್ತಾವ."

"ಯಾವ ನೀರು?" ಆತಿಯಾ ತಲೆಯೆತ್ತಿದಳು.

"ಏನಿಲ್ಲ ಮೇಡಂ, ಸಹಿ ಹಾಕಾಕ ಬಂದಾಳ," ಎಂದ ಶಂಕ್ರಪ್ಪ. "ಕಾಗದ ತೆಗಿ ಬೇ."

ದುರುಗಮ್ಮ ಕಾಗದ ತೆಗೆದು ಬುಟ್ಟಿಯ ಪಕ್ಕದಲ್ಲಿ ಬಿಡಿಸಿಟ್ಟಳು.

"ಹಾಕ್ತೀನಿ ಸಾವ್ಕಾರ್ರ. ಅದಕ್ಕೂ ಮೊದಲು ದಿನಾ ಹೆಂಗ ಬುಟ್ಟಿ ತಗೊಂತೀರಿ, ಹಂಗ ಇವತ್ತೂ ತಗೊಳ್ರಿ. ಮೇಡಂ ನೋಡ್ಲಿ."

"ಹೆಂಗ ಅಂದ್ರ? ಕೈಯಾಗ ತಗೊಂತೀವಿ, ಮತ್ತ ಕಾಲಾಗ ತಗೊಂತಾರೇನು?" ಶಂಕ್ರಪ್ಪ ನಕ್ಕ. ಗಿರಾಕಿಗಳ ಕಡೆ ನೋಡಿ ಇನ್ನಷ್ಟು ನಕ್ಕ.

"ತಗೊಳ್ರಿ ಮತ್ತ."

ಶಂಕ್ರಪ್ಪ ಕೈ ಚಾಚಿದ. ಬುಟ್ಟಿಯ ಅಂಚಿಗೆ ಒಂದು ಗೇಣು ಇರುವಾಗ ಕೈ ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ. ಆ ಕೈಗೆ ಮುಂದೆ ಹೋಗಿ ಗೊತ್ತಿರಲಿಲ್ಲ. ಮಾನ್ವಿಯ ಖಾನಾವಳಿ, ಐದು ಸ್ಟಾರು, ಎಲ್ಲ ಆ ಒಂದು ಗೇಣಿನಾಚೆ ಇತ್ತು. ಅವನು ಕಣ್ಣು ಮುಚ್ಚಿ ಕೈ ಮುಂದೆ ಹಾಕಿದ.

"ಏ ತಮ್ಮಾ! ತಡಿಯೋ!"

ಅಡುಗೆಮನೆಯ ಬಾಗಿಲಲ್ಲಿ ನೀಲಮ್ಮ. ಹಿತ್ತಿಲಲ್ಲಿ ಕಾದು ಕಾದು, ದುರುಗಮ್ಮನ ದನಿ ಮುಂದೆ ಕೇಳಿ, ಚೆಂಬು ಹಿಡಿದೇ ಓಡಿ ಬಂದಿದ್ದಳು.

"ನೀರ್ ಹಾಕಲಾರ್ದ ಹಂಗ ಮುಟ್ತಿಯಲ್ಲೋ! ತಲಿ ಕೆಟ್ಟದೇನೋ ನಿನಗ?"

"ಯವ್ವಾ, ಒಳಗ ಹೋಗು!"

ಮುದುಕಿಗೆ ಮಗನ ಕಷ್ಟ ತಿಳಿಯಲಿಲ್ಲ. ಅವಳು ಮಗನನ್ನು ಕಾಪಾಡುತ್ತಿದ್ದಳು. ಮೂರು ಸಲ ಬೆರಳು ಅದ್ದಿದಳು, ಮೂರು ಸಲ ಚಿಮುಕಿಸಿದಳು. ಬುಟ್ಟಿಯ ಬಟ್ಟೆಗೆ ಬಿತ್ತು, ರೊಟ್ಟಿಗೆ ಬಿತ್ತು, ಕಾಗದಕ್ಕೆ ಬಿತ್ತು. ಒಂದು ಹನಿ ಆತಿಯಾಳ ಟ್ಯಾಬಿನ ಗಾಜಿಗೂ ಬಿತ್ತು.

"ಹ್ಞೂಂ, ಈಗ ತಗೋ," ಎಂದಳು ನೀಲಮ್ಮ, ಸಮಾಧಾನದಿಂದ.

ಆತಿಯಾ ತೋಳಿನಿಂದ ಗಾಜು ಒರೆಸಿದಳು. "ಯಾಕೆ ನೀರು ಹಾಕಿದಿರಿ ಅಜ್ಜಿ?"

ನೀಲಮ್ಮ ಮಗನ ಮುಖ ನೋಡಿದಳು. ಮಗ ದೇವರ ಫೋಟೋ ನೋಡಿದ.

ಮೂಲೆಯಲ್ಲಿ ಉಣ್ಣುತ್ತಿದ್ದವನೊಬ್ಬ ತುತ್ತು ಹಿಡಿದುಕೊಂಡೇ ಬಸ್ಸಣ್ಣನನ್ನು ಕೇಳಿದ, "ಯಾರಲೇ ಆಕಿ?"

"ರೊಟ್ಟಿ ಬಡಿಯಾಕಿ."

"ಯಾವ ಮಂದಿ?"

ಬಸ್ಸಣ್ಣ ಟೊಪ್ಪಿಗೆ ಸರಿಮಾಡಿಕೊಂಡ. ದುರುಗಮ್ಮ ಅವನ ಕಡೆ ತಿರುಗಿದಳು.

"ಮಾದರಾಕಿ ರೀ ಯಪ್ಪಾ. ಚರಂಡಿ ಬಳಿಯೋ ಸುಂಕಪ್ಪನ ಹೇಣ್ತಿ. ಆರು ವರ್ಷ ಆತು ನೀವು ನನ್ನ ಕೈ ರೊಟ್ಟಿ ಉಣ್ಣಾಕ ಹತ್ತಿ. ಗಟ್ಟಿ ಅದೀರಲ್ಲ ಎಲ್ಲಾರೂ?"

ಅವನು ತಾಟು ನೂಕಿ ಎದ್ದ. ಇನ್ನೊಬ್ಬ ಎದ್ದ. ಮೂರನೆಯವನು ಎದ್ದು, ಏನೋ ಯೋಚಿಸಿ, ಮತ್ತೆ ಕೂತು ಪಲ್ಯ ಮಾತ್ರ ಉಂಡ.

ಆತಿಯಾ ಟ್ಯಾಬಿನಲ್ಲಿ ಮೇಲೆ ಕೆಳಗೆ ಹುಡುಕಿದಳು. "ಇಲ್ಲಿ ನೂರು ಪ್ರಶ್ನೆ ಇದಾವೆ ಅಮ್ಮ," ಎಂದಳು, ತಪ್ಪು ಮಾಡಿದವಳ ಹಾಗೆ. "ಇದಕ್ಕೆ ಒಂದೂ ಕಾಲಂ ಇಲ್ಲ."

"ನೀರಿಗೆ ಅದ ಇಲ್ರೀ?"

"ತೇವಾಂಶ ಅಂತ ಇದೆ."

"ಅದನ್ನರ ಬರೀರಿ."

ಆತಿಯಾ ಬರೆದಳು. ಆ ದಿನ ಶಂಕ್ರಪ್ಪನಿಗೆ ಸ್ಟಾರ್ ಸಿಗಲಿಲ್ಲ.

ದುರುಗಮ್ಮ ಬುಟ್ಟಿಯ ಬಟ್ಟೆ ತೆಗೆದಳು. ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಹನಿ ಬಿದ್ದವನ್ನು ಗಲ್ಲಾದ ಮೇಲೆ, ಆ ಕಾಗದದ ಮೇಲೆಯೇ ಪೇರಿಸಿದಳು. ಒಣ ಇದ್ದವನ್ನು ಬುಟ್ಟಿಗೆ ಹಾಕಿಕೊಂಡಳು.

"ಒದ್ದಿ ಆದವು ನಿಮ್ಮವು," ಎಂದಳು. ಬುಟ್ಟಿ ತಲೆಗೇರಿಸಿ, ಬಂದ ಬಾಗಿಲಿನಿಂದಲೇ ಹೋದಳು.

*

ದೀಪಾವಳಿಗೆ ಮುಂಚೆ ಶಂಕ್ರಪ್ಪನ ಬಾಗಿಲಿಗೆ ಬೋರ್ಡು ಬಂತು. ಐದು ಸ್ಟಾರ್. ಅದರ ಪಕ್ಕ ಗಾಜಿನ ಚೌಕಟ್ಟಿನಲ್ಲಿ ಪರೀಕ್ಷೆಯ ವರದಿ. ರಸ್ತೆಯಲ್ಲಿ ನಿಂತು ದುರುಗಮ್ಮ ಅಕ್ಷರ ಕೂಡಿಸಿ ಓದಿದಳು. 'ತೇವಾಂಶದ ಮೂಲವನ್ನು ಗುರುತಿಸಿ ತೆಗೆದುಹಾಕಲಾಗಿದೆ.'

ಎರಡು ಸಲ ಓದಿದಳು. ಹಿತ್ತಿಲ ಸಂದಿಗೆ ಹೋಗಿ ಇಣುಕಿದಳು. ಚೆಂಬು ಕಟ್ಟೆಯ ಮೇಲೆ ಹಾಗೇ ಇತ್ತು, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹೊಳಪು. ತೆಗೆದುಹಾಕಿದ್ದು ಅದನ್ನಲ್ಲ.

ಮಾನ್ವಿಯಿಂದ ಈಗ ಮಷೀನ್ ರೊಟ್ಟಿ ಬರುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ, ಒಂದೇ ಅಳತೆ, ಒಂದೇ ದಪ್ಪ. ಯಂತ್ರಕ್ಕೆ ಜಾತಿಯಿಲ್ಲ, ನೀಲಮ್ಮನಿಗೆ ಕೆಲಸವಿಲ್ಲ. ಬೋರ್ಡಿನ ಮೇಲೆ 'ಮನೆಯಲ್ಲಿ ಬಡಿದ' ಎಂಬುದು ಹಾಗೇ ಉಳಿದಿತ್ತು.

ದುರುಗಮ್ಮ ಖಾನಾವಳಿಯ ಎದುರು, ಚರಂಡಿಯ ಈಚೆ ದಂಡೆಯಲ್ಲಿ ಕೂತಳು. ಮುಂದೆ ಒಂದು ಡಬ್ಬಿ, ಡಬ್ಬಿಗೆ ಕಟ್ಟಿದ ಲೈಸೆನ್ಸಿನ ಕಾಗದ. ಅದರಲ್ಲಿ ಅವಳ ಹೆಸರಿತ್ತು, ಓಣಿಯ ಹೆಸರಿತ್ತು. ಓದಿದವರು ಮುಂದೆ ಹೋದರು. ಓದಲು ಬಾರದವರು ಓದಿದವರನ್ನು ಕೇಳಿ ಮುಂದೆ ಹೋದರು. ಮೊದಲ ವಾರ ಹೀರಾಬಿ ದಿನಕ್ಕೆ ಎರಡು ಒಯ್ದಳು. ಹಮಾಲರು ಒಯ್ದರು. ಉಳಿದದ್ದನ್ನು ಮನೆಯಲ್ಲಿ ಪುಡಿ ಮಾಡಿ ಸಾರಿಗೆ ಹಾಕಿ ತಿಂದರು. ಮರುವಾರ ಸುಜಾತಾ ಫೋನ್ ಮಾಡಿ, ಪರೀಕ್ಷೆಯ ಫೀಸಿಗೆ ಇನ್ನೂ ಟೈಮ್ ಅದ ಯವ್ವಾ, ಎಂದಳು. ಇರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ದುರುಗಮ್ಮ ಬೆಳಗಿನ ರೊಟ್ಟಿಯ ಜೊತೆಗೆ ಸಂಜೆ ನಾಲ್ಕು ಮನೆಯ ಮುಸುರೆ ತಿಕ್ಕುವ ಕೆಲಸ ಹಿಡಿದಳು.

ಒಂದು ದಿನ ಬಸ್ಸಣ್ಣ ಚರಂಡಿ ದಾಟಿ ಬಂದ. ಆಚೆ ಈಚೆ ನೋಡಿದ.

"ಅಕ್ಕಾ, ಮಷೀನ್ ರೊಟ್ಟಿ ಚಪ್ಪಲ್ ಇದ್ದಂಗ ಅದಾವ ಅಂತ ಗಿರಾಕಿ ಉಗುಳಾಕತ್ತ್ಯಾರ. ನೂರು ರೊಟ್ಟಿ ಬೇಕಂತ. ಹಿತ್ತಲಿಗೆ ತಂದಿಡಬೇಕಂತ. ಮೊದಲಿನಂಗ."

ದುರುಗಮ್ಮ ಎದುರಿನ ಬಾಗಿಲು ನೋಡಿದಳು. ಐದು ಸ್ಟಾರಿನ ಕೆಳಗೆ ಶಂಕ್ರಪ್ಪ ಗಲ್ಲಾದಲ್ಲಿ ಕೂತು ತಲೆ ತಗ್ಗಿಸಿ ಏನೋ ಬರೆಯುತ್ತಿರುವವನ ಹಾಗೆ ಮಾಡುತ್ತಿದ್ದ. ನೂರು ರೊಟ್ಟಿ. ಒಂದು ಸಲ ಗೋಣು ಆಡಿಸಿದರೆ ಸಾಕು, ಮುಸುರೆ ಬಿಡಬಹುದು. ಸುಜಾತಾಳಿಗೆ ಫೋನ್ ಮಾಡಬಹುದು.

ಬಸ್ಸಣ್ಣ ಉತ್ತರಕ್ಕೆ ಕಾದು, ಹೊತ್ತು ಹೋಗಲೆಂದು ಡಬ್ಬಿಗೆ ಕೈ ಹಾಕಿದ. ಈಗಷ್ಟೇ ಟೇಬಲ್ ಒರೆಸಿ ಬಂದ ಕೈ, ನೀರು ತೊಟ್ಟಿಕ್ಕುತ್ತಿತ್ತು.

ದುರುಗಮ್ಮ ಪಟ್ಟನೆ ಮುಚ್ಚಳ ಹಾಕಿದಳು.

"ಒದ್ದಿ ಕೈಲೆ ಮುಟ್ಟಬ್ಯಾಡ," ಎಂದಳು. ದನಿ ರಸ್ತೆಯಾಚೆಗೂ ಕೇಳಿತು. ಶಂಕ್ರಪ್ಪ ತಲೆಯೆತ್ತಿದ. "ನಿಮ್ಮ ಸಾವ್ಕಾರಗೂ ಹೇಳು. ರೊಟ್ಟಿ ಬೇಕಾದ್ರ ಇಲ್ಲೇ ಬರಬೇಕು, ಹಗಲೊತ್ತು, ಎಲ್ಲಾರ ಮುಂದ. ಕೈ ಒರಸ್ಕೊಂಡು ಬರಬೇಕು."

ಬಸ್ಸಣ್ಣ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ವಾಪಸ್ ಹೋದ.

ಅವತ್ತು ಹದಿಮೂರು ರೊಟ್ಟಿ ಹೋದವು. ಶಂಕ್ರಪ್ಪ ಬರಲಿಲ್ಲ. ಬಿಸಿಲು ಇಳಿಯುವ ತನಕ ದುರುಗಮ್ಮ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.